ಟೈಪಿಸ್ಟ್ ಅಕ್ಕನ ಕಂಪ್ಯೂಟರ್

ನಮ್ಮ ಆಫೀಸಿನ ಟೈಪಿಸ್ಟ್ ಅಕ್ಕ ತೀರಿಕೊಂಡ ಮೇಲೆ ಅವರ ಕೆಲಸವೂ ನನ್ನ ತಲೆಗೇ ಬಂತು. ಸಾಕಾಗಿಹೋಗಿ ಅವರ ಕಂಪ್ಯೂಟರಿನಲ್ಲೇ ಆಜ್ಞೆಗಳ ಒಂದು ಸ್ಕ್ರಿಪ್ಟ್ ಬರೆದಿಟ್ಟೆ. ಅದು ತಾನೇ ಟೈಪಿಂಗ್ ಪ್ರೋಗ್ರಾಮನ್ನು ತೆರೆದು, ಪತ್ರ ತುಂಬಿಸಿ, ಪ್ರಿಂಟರಿಗೆ ಕಳಿಸಬೇಕು. ಮೊದಲ ಮಧ್ಯಾಹ್ನವೇ ಪರದೆಯ ಮೇಲೆ ‘ಮಾನ್ಯರೇ’ ಎಂದು ಮೂಡಿ, ತುಸು ಹೊತ್ತು ನಿಂತು, ಅಳಿಸಿಹೋಗಿ, ಮತ್ತೆ ಮೂಡಿತು. ಅಳಿಸುವ ಆಜ್ಞೆಯನ್ನು ನಾನು ಬರೆದೇ ಇರಲಿಲ್ಲ.

“ಅಕ್ಕಾನೂ ಹಿಂಗೇ ಅಲ್ವಾ, ಒಂದೊಂದು ಪದಾನೂ ಎರಡೆರಡು ಸಲ ಹೊಡೀತಿದ್ರು,” ಎಂದರು ಪಕ್ಕದ ಗುಮಾಸ್ತರು.

ಅಕ್ಕನ ಖಾಲಿ ಕುರ್ಚಿಯನ್ನು ಮುಟ್ಟಿ ನೋಡಿದೆ. ಬೆಚ್ಚಗಿತ್ತು.

“ಸಾಕು ಅಕ್ಕ, ಇನ್ನಾದ್ರೂ ಸುಧಾರಿಸ್ಕೊಳ್ಳಿ,” ಎಂದು ಸ್ಕ್ರಿಪ್ಟನ್ನು ಅಳಿಸಿ, ಕಂಪ್ಯೂಟರಿನ ವೈರನ್ನೂ ಕಿತ್ತಿಟ್ಟೆ.

ಮರುದಿನ ಹೋದಾಗ ಆವತ್ತಿನ ಪತ್ರಗಳೆಲ್ಲ ಪ್ರಿಂಟರಿನಲ್ಲಿ ಸಿದ್ಧವಾಗಿದ್ದವು. ಈಗಲೂ ದಿನಾ ಬರುತ್ತವೆ. ನನ್ನ ಕೈಯೂ ಸೋತಿದೆ. ಸುಮ್ಮನೆ ಸಹಿ ಹಾಕಿಸಿ ಕಳಿಸುತ್ತೇನೆ.