ಶೈನಿಗೊಂದು ತುಂಡು ಐಸ್

ಪೊಲೀಸ್ ನಾಯಿ ಬಂದು ನನ್ನ ಎದುರೇ ಕೂತಿತು.

ಗಂಗೊಳ್ಳಿ ಬಂದರಿನ ದಕ್ಕೆಯಲ್ಲಿ ಆ ಹೊತ್ತಿಗೆ ಇದ್ದವರೆಲ್ಲ ನೋಡಿದರು. ಬಲೆ ರಿಪೇರಿ ಮಾಡುವವರು, ಮೀನಿನ ಬುಟ್ಟಿ ಹೊತ್ತ ಹೆಂಗಸರು, ಐಸ್ ತುಂಬಿಸಲು ಬಂದ ಲಾರಿ ಡ್ರೈವರು, ಎಲ್ಲರೂ. ಕಮಲಾಕ್ಷಣ್ಣನ ಬೋಟಿನಿಂದ, ನೀರಿನಡಿ ಮೀನು ಎಲ್ಲಿದೆ ಅಂತ ತೋರಿಸುವ ಫಿಶ್ ಫೈಂಡರ್ ಕಳುವಾಗಿತ್ತು. ಕಳ್ಳ ಅವಸರದಲ್ಲಿ ತನ್ನ ಟೊಪ್ಪಿ ಬಿಟ್ಟು ಓಡಿದ್ದ. ಅದನ್ನು ಮೂಸಿದ ಶೈನಿ ನೆಲಕ್ಕೆ ಮೂಗು ಹಚ್ಚಿ ದಕ್ಕೆಯುದ್ದಕ್ಕೂ ಬಂತು, ನಾನು ಕೆಲಸ ಮಾಡುವ ಐಸ್ ಪ್ಲಾಂಟಿನ ಬಾಗಿಲಲ್ಲಿ ತಿರುಗಿತು, ನನ್ನ ಕಾಲ ಬುಡದಲ್ಲಿ ಕೂತು ಮುಖ ಎತ್ತಿ ನೋಡಿತು.

ಹಗ್ಗದ ಇನ್ನೊಂದು ತುದಿಯಲ್ಲಿ ಪೂಜಿತಾ ಇದ್ದಳು. ಖಾಕಿ ಯೂನಿಫಾರ್ಮು, ಹಣೆಯಲ್ಲಿ ಬೆವರು. ಅವಳು ನನ್ನನ್ನು ನೋಡಲಿಲ್ಲ. ಇಬ್ಬರ ಪಾಲಿನದ್ದನ್ನೂ ನಾನೇ ನೋಡಿದೆ.

"ಇಂವನೇ," ಅಂದ ಯಾರೋ.

"ನಂಗ್ ಮೊದ್ಲೇ ಡೌಟ್ ಇದ್ದಿತ್ತ್," ಅಂದ ಕಮಲಾಕ್ಷಣ್ಣ. "ಈ ಐಸ್ ಪ್ಲಾಂಟಿನ ಕುಷ್ಟನ ಮೋರೆ ಕಂಡ್ರೇ ಗೊತ್ತಾತ್ತ್."

"ಎಂತ ಗೊತ್ತಾತ್ತ್ ನಿಮ್ಗೆ?" ನಾನು ಒಂದು ಹೆಜ್ಜೆ ಮುಂದಿಟ್ಟೆ. ಐಸ್ ಎಳೆಯುವ ಕೊಕ್ಕೆ ಕೈಯಲ್ಲೇ ಇತ್ತು.

"ಕೊಕ್ಕೆ ಕೆಳಗ್ ಇಡಿ," ಅಂದಳು ಪೂಜಿತಾ, ಬಹಳ ಸಣ್ಣ ದನಿಯಲ್ಲಿ.

ಇಟ್ಟೆ. ಊರಿನಲ್ಲಿ ಬೇರೆ ಯಾರು ಹೇಳಿದ್ದರೂ ಇಡುತ್ತಿರಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರ ವಾಚು ಕಾಣೆಯಾದಾಗ ಎಲ್ಲರಿಗಿಂತ ಮೊದಲು ಬಿಚ್ಚಿಸಿದ್ದು ನನ್ನ ಚೀಲ. ಅದರಲ್ಲಿ ಸಿಕ್ಕಿದ್ದು ಅರ್ಧ ತಿಂದ ಬನ್ಸು. ವಾಚು ಆಮೇಲೆ ಅವರ ಮನೆಯಲ್ಲೇ ಸಿಕ್ಕಿತಂತೆ. ಅಷ್ಟರಲ್ಲಿ ನಾನು ಶಾಲೆ ಬಿಟ್ಟಾಗಿತ್ತು, ಸಿಟ್ಟು ಮಾತ್ರ ನನ್ನನ್ನು ಬಿಡಲಿಲ್ಲ. ಈಗ ಮತ್ತೆ ಅದೇ ಕಣ್ಣುಗಳು, ಅದೇ ಪಿಸುಮಾತು. ಬೆರಳು ತೋರಿಸುವುದಕ್ಕೆ ಈ ಸಲ ಮೇಷ್ಟ್ರು ಬೇಕಾಗಲಿಲ್ಲ, ನಾಯಿಯೇ ಸಾಕಾಯಿತು.

ಅದೂ ಯಾವ ನಾಯಿ. ಶೈನಿ.

*

ಬಂದರಿನಲ್ಲಿ ಬೋಟಿನ ಸಾಮಾನು ಕಳವು ಹೆಚ್ಚಾದ ಮೇಲೆ ಶ್ವಾನದಳದಿಂದ ಒಂದು ನಾಯಿ, ಒಬ್ಬ ಹ್ಯಾಂಡ್ಲರ್ ಈ ಕಡೆ ಬಂದರು. ನಾಯಿ ಜರ್ಮನ್ ಶೆಫರ್ಡ್. ಹ್ಯಾಂಡ್ಲರ್ ತಲ್ಲೂರಿನ ಹುಡುಗಿ. ಮೊದಲ ದಿನ ಅವಳು ದಕ್ಕೆಯ ಸುಡುವ ಸಿಮೆಂಟಿನ ಮೇಲೆ ನಾಯಿಯನ್ನು ನಿಲ್ಲಿಸಿಕೊಂಡು ಯಾರದೋ ಜೊತೆ ಮಾತಾಡುತ್ತಿದ್ದಳು. ನಾಯಿ ಒಂದು ಕಾಲು ಎತ್ತಿ ಇಡುತ್ತಿತ್ತು, ಇನ್ನೊಂದು ಎತ್ತುತ್ತಿತ್ತು. ನನಗೆ ತಡೆಯಲಿಲ್ಲ.

"ಹ್ವಾಯ್ ಮೇಡಂ, ನಿಮ್ಗ್ ಬೂಟ್ಸ್ ಇತ್ತ್. ಅದ್ಕೆ ಇತ್ತಾ?"

ಅವಳು ತಿರುಗಿದಳು. ಮೊದಲು ಹುಬ್ಬು, ಆಮೇಲೆ ಕಣ್ಣು, ಕೊನೆಗೆ ಪೂರ್ತಿ ಮುಖ.

"ಹಾಕಿರೆ ಕಚ್ಚಿ ಬಿಸಾಡತ್ತ್. ನಿಮ್ಮತ್ರ ಬೇರೆ ಐಡಿಯಾ ಇದ್ರೆ ಹೇಳಿ."

ಒಂದು ಬುಟ್ಟಿ ಪುಡಿ ಐಸ್ ತಂದು ಪ್ಲಾಂಟಿನ ನೆರಳಲ್ಲಿ ಸುರಿದೆ. ಶೈನಿ ಅದರ ಮೇಲೆ ಹೊಟ್ಟೆ ಚಾಚಿ ಮಲಗಿತು. ಒಂದು ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು ಕಟಕಟ ಕಡಿಯಿತು.

"ಬೇರೆಯವರ ಕೈಯಿಂದ ಅದ್ಕೆ ತಿಂಬುಕೆ ಎಂತದೂ ಕೊಡೂಕಾಗ. ರೂಲ್ಸ್," ಅಂದಳು.

"ತಿಂಬುಕೆ ಯಾರ್ ಕೊಟ್ರ್? ಇದ್ ನೀರ್."

"ಇದ್ ನೀರಾ?"

"ನೀರೇ ಅಲ್ದಾ. ಸ್ವಲ್ಪ ಗಟ್ಟಿ."

ಅವಳು ನಗಬಾರದು ಅಂತ ಕೆಳತುಟಿ ಕಚ್ಚಿಕೊಂಡಳು. ನಗು ತುಟಿಯಿಂದ ತಪ್ಪಿಸಿಕೊಂಡು ಎಡಗೆನ್ನೆಯ ಗುಳಿಯಲ್ಲಿ ಸಿಕ್ಕಿಬಿದ್ದಿತು.

ಅವತ್ತಿನಿಂದ ಪ್ರತಿ ಬೆಳಿಗ್ಗೆ, ಶೈನಿಯ ಓಟ ಮುಗಿದ ಮೇಲೆ, ಇಬ್ಬರೂ ಪ್ಲಾಂಟಿನ ಬಾಗಿಲಿಗೆ ಬರುತ್ತಿದ್ದರು. ಶೈನಿಗೆ ಐಸ್. ಅವಳಿಗೆ ಒಂದು ಪ್ರಶ್ನೆ, ದಿನವೂ ಅದೇ.

"ಇವತ್ತ್ ಯಾರ್ ಮೇಲ್ ಸಿಟ್ಟ್?"

"ಲಾರಿಯವನ ಮೇಲೆ."

"ನಿನ್ನೆ?"

"ಕರೆಂಟಿನವರ ಮೇಲೆ."

"ನಾಳೆ ನನ್ನ ಪಾಳಿ ಬಪ್ದಾ?"

ಹಾಗೆ ಕೇಳುವಾಗ ಅವಳು ನನ್ನನ್ನು ನೋಡುತ್ತಿರಲಿಲ್ಲ. ನಾಯಿಯ ಕಿವಿ ಸವರುತ್ತಿದ್ದಳು. ಆ ಬೆರಳುಗಳನ್ನು ನಾನು ಎಷ್ಟು ಹೊತ್ತು ನೋಡುತ್ತಿದ್ದೆನೋ, ಪ್ಲಾಂಟಿನ ಒಳಗಿಂದ ಯಾರಾದರೂ ಬೈದು ಕರೆಯಬೇಕಿತ್ತು.

ಒಂದು ದಿನ ಅವಳು ಪ್ರಶ್ನೆ ಕೇಳಲಿಲ್ಲ. ಹಿಂದಿನ ಕೇಸಿನಲ್ಲಿ ಮಳೆ ಬಂದು ಶೈನಿ ದಾರಿ ತಪ್ಪಿತ್ತಂತೆ.

"ಇನ್ನೊಂದ್ ಸಲ ತಪ್ಪಿರೆ ಅದನ್ನ ದಳದಿಂದ ತೆಗಿತ್ರ್. ನನ್ನನ್ನ ಮತ್ತೆ ಟ್ರಾಫಿಕ್ಕಿಗೆ ಹಾಕ್ತ್ರ್. ಮರಿ ಇದ್ದಾಗಳಿಂದ ಸಾಕಿದ್ದೆ ಕಾಣಿ."

ಶೈನಿ ಐಸ್ ಕಡಿಯುತ್ತಾ ಇತ್ತು. ನಾನು ಅದಕ್ಕೆ ಇನ್ನೊಂದು ತುಂಡು ಒಡೆದು ಕೊಟ್ಟೆ.

*

"ಏನಪ್ಪಾ, ನಾಯಿ ನಿನ್ನ ಹತ್ತಿರವೇ ಯಾಕೆ ಬಂತು?" ಎಸ್‌ಐ ಜಿತೇಂದ್ರ ಕೇಳಿದರು. ಒರಟು ಮನುಷ್ಯ ಅಲ್ಲ. ಅವರು ಮೆತ್ತಗೆ ಕೇಳಿದ್ದೇ ನನಗೆ ಕಷ್ಟವಾಯಿತು.

ನಾನು ಕದ್ದಿಲ್ಲ ಅಂದರೆ ಶೈನಿ ತಪ್ಪಿತು ಅಂತ ಆಯಿತು. ದಿನಾ ಐಸ್ ಕೊಡುತ್ತೇನೆ, ಅದಕ್ಕೇ ಬಂತು ಅಂದರೆ ಪೂಜಿತಾ ರೂಲ್ಸ್ ಮುರಿದಳು ಅಂತ ಆಯಿತು. ಯಾವ ಬಾಗಿಲು ತೆರೆದರೂ ಆಚೆ ಅವಳೇ ನಿಂತಿದ್ದಳು. ಹುಟ್ಟಿದಂದಿನಿಂದ ಬಾಯಿ ಮುಚ್ಚದವನು ನಾನು, ಅವತ್ತು ಮುಚ್ಚಿದೆ.

ಪೂಜಿತಾ ಆಗ ನನ್ನನ್ನು ನೋಡಿದಳು. ಹೇಳಲಾ ಅಂತ ಅವಳ ಕಣ್ಣು ಕೇಳಿತು. ಬೇಡ ಅಂತ ನಾನು ತಲೆ ಅಲ್ಲಾಡಿಸಿದೆ, ಕತ್ತಿನ ಬೆವರು ಒರೆಸಿಕೊಂಡಂತೆ.

"ಸರಿ. ಜೀಪ್ ಹತ್ತು," ಅಂದರು ಎಸ್‌ಐ.

ಹೊರಟೆ. ಹಿಂದೆ ಹಗ್ಗ ನೆಲಕ್ಕೆ ಉಜ್ಜುವ ಸದ್ದು ಬಂತು. ಶೈನಿ ಎದ್ದು ನನ್ನ ಬೆನ್ನಿಗೇ ಬರುತ್ತಿತ್ತು, ಊಟದ ಹೊತ್ತಿಗೆ ಮನೆಗೆ ಹೊರಟವರ ಹಾಗೆ.

"ಸಾರ್, ಒಂದು ನಿಮಿಷ." ಪೂಜಿತಾಳ ದನಿ ಒಡೆಯಿತು, ಮತ್ತೆ ಕೂಡಿಕೊಂಡಿತು. "ಇನ್ನೊಂದು ಸಲ ಬಿಡ್ತೇನೆ. ಈ ಸಲ ಟೊಪ್ಪಿ ಮೂಸಿಸುವುದಿಲ್ಲ."

"ಏನೂ ಮೂಸಿಸದೆ ಬಿಟ್ಟರೆ ಅದು ಏನನ್ನ ಹುಡುಕುತ್ತೆ?"

"ಅದನ್ನೇ ನೀವು ನೋಡಬೇಕು ಸಾರ್."

ನನ್ನನ್ನು ಐಸ್ ಪ್ಲಾಂಟಿನಿಂದ ದೂರ, ಮೀನು ಹೊರುವವರ ಗುಂಪಿನ ನಡುವೆ ನಿಲ್ಲಿಸಿದರು. ಪೂಜಿತಾ ದಕ್ಕೆಯ ಆ ತುದಿಗೆ ಹೋಗಿ ಹಗ್ಗ ಬಿಚ್ಚಿದಳು. ಅವಳು ಏನು ಮಾಡಲು ಹೊರಟಿದ್ದಾಳೆ ಅಂತ ನನಗೆ ಆಗ ಹೊಳೆಯಿತು. ಟೊಪ್ಪಿ ಮೂಸಿಸದೆ ಬಿಟ್ಟರೂ ನಾಯಿ ನನ್ನ ಹತ್ತಿರವೇ ಬಂದರೆ, ಮೊದಲು ಅದನ್ನು ಕರೆತಂದದ್ದೂ ಟೊಪ್ಪಿಯ ವಾಸನೆಯಲ್ಲ, ನಾನು ಕಳ್ಳನಲ್ಲ. ಆದರೆ ಯಾಕೆ ಬಂತು ಅಂತ ಅವಳು ಎಲ್ಲರ ಎದುರು ಹೇಳಬೇಕಾಗುತ್ತದೆ. ನಾನು ಮುಂದಿದ್ದವನ ಬೆನ್ನಿನ ಮರೆಗೆ ಸರಿದೆ. ಬರಬೇಡ ಶೈನಿ, ಇವತ್ತೊಂದು ದಿನ ಬರಬೇಡ.

ಬಂತು. ಬುಟ್ಟಿ ದಾಟಿ, ಬೂತಾಯಿ ಮೀನಿನ ರಾಶಿಯನ್ನು ಮೂಸಿಯೂ ನೋಡದೆ, ಜನರ ಕಾಲುಗಳ ನಡುವೆ ನುಗ್ಗಿ ಬಂದು ನನ್ನ ಪಾದದ ಮೇಲೆ ಗದ್ದ ಇಟ್ಟಿತು.

ಎಸ್‌ಐ ಅದನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಅವಳ ಕಡೆ ತಿರುಗಿದರು.

"ಇದಕ್ಕೆ ಇವನ ಪರಿಚಯ ಇದೆ."

"ಇದೆ ಸಾರ್. ದಿನಾ ಬೆಳಿಗ್ಗೆ ನಾನೇ ಕರ್ಕೊಂಡು ಬರ್ತೇನೆ."

"ಯಾಕೆ?"

"ಐಸಿಗೆ ಸಾರ್."

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳು ಹಗ್ಗವನ್ನು ಕೈಗೆ ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು.

"ಮೊದಲು ಐಸಿಗೆ. ಈಗ ಇವರನ್ನ ನೋಡ್ಲಿಕ್ಕೆ."

ಮೀನು ಮಾರುವ ಗೋಮತಕ್ಕ ತಲೆಯ ಬುಟ್ಟಿ ಕೆಳಗಿಳಿಸಿದಳು.

"ಹಾಂಗಾರೆ ನಾಯಿ ತಪ್ಪಲಿಲ್ಲ ಮಾರ್ರೆ. ಕಳ್ಳನ್ನ ಸಮಾ ಹಿಡ್ದಿತ್ತ್."

ಎಲ್ಲರೂ ನಕ್ಕರು. ಎಸ್‌ಐ ನಗಲಿಲ್ಲ. ಪೂಜಿತಾಳೂ ನಗಲಿಲ್ಲ. ಅವಳ ಕಿವಿಯ ತುದಿ ಕೆಂಪಾಗಿತ್ತು.

ನನ್ನನ್ನು ಜೀಪಿನಲ್ಲಿ ರಸ್ತೆಯಾಚೆ ದೂರ ಕೂರಿಸಿ ಶೈನಿಗೆ ಮತ್ತೆ ಟೊಪ್ಪಿ ಮೂಸಿಸಿದರು. ಆ ಹೊತ್ತನ್ನು ಕಳೆಯುವುದರೊಳಗೆ ಉಗುರೆಲ್ಲ ಕಚ್ಚಿ ಮುಗಿಸಿದೆ. ಆಮೇಲೆ ಗೋಮತಕ್ಕ ಹೇಳಿದ್ದು: ಶೈನಿ ಐಸ್ ಪ್ಲಾಂಟಿನ ಬಾಗಿಲಲ್ಲಿ ಒಮ್ಮೆ ನಿಂತಿತಂತೆ, ಒಳಗೆ ಇಣುಕಿತಂತೆ, ಮುಂದೆ ಹೋಯಿತಂತೆ. ಪ್ಲಾಂಟಿನ ಹಿಂದಿನ ಶೆಡ್ಡಿನಲ್ಲಿ ಹಳೆ ಬಲೆಯ ರಾಶಿ ಕೆರೆದು ಬೊಗಳಿತಂತೆ. ಅಡಿಯಲ್ಲಿ ಗೋಣಿಯಲ್ಲಿ ಸುತ್ತಿದ ಫಿಶ್ ಫೈಂಡರ್ ಇತ್ತು. ಟೊಪ್ಪಿ ಕಮಲಾಕ್ಷಣ್ಣನ ಬೋಟಿನಲ್ಲೇ ದುಡಿಯುವವನದ್ದು, ಅವನೇ ಒಪ್ಪಿಕೊಂಡನಂತೆ. ಕಮಲಾಕ್ಷಣ್ಣ ನನ್ನ ಹತ್ತಿರ ಬಂದು ಏನೋ ಹೇಳಲು ಹೋದ. ನಾನು ಮುಖ ತಿರುಗಿಸಿದೆ.

"ನಾಯಿ ಸರಿ ಇದೆ," ಅಂದರು ಎಸ್‌ಐ ಪೂಜಿತಾಳಿಗೆ. "ನಾಯಿ ಹಿಡಿದವರದ್ದೇ ತಪ್ಪು. ನಾನು ಮೇಲಿನವರಿಗೆ ರಿಪೋರ್ಟ್ ಬರೆಯಲೇಬೇಕಾಗುತ್ತಮ್ಮ."

*

ಆಮೇಲೆ ಬೆಳಿಗ್ಗೆ ಯಾರೂ ಬರಲಿಲ್ಲ. ಫೋನ್ ಮಾಡಲು ಅವಳ ನಂಬರ್ ನನ್ನ ಹತ್ತಿರ ಇರಲಿಲ್ಲ. ದಿನಾ ಬರುವವರ ನಂಬರ್ ಯಾರು ಕೇಳುತ್ತಾರೆ?

ಒಂದು ಮಧ್ಯಾಹ್ನ ಚೂಡಿದಾರದಲ್ಲಿ ಬಂದಳು. ಯೂನಿಫಾರ್ಮ್ ಇಲ್ಲ, ಕೈಯಲ್ಲಿ ಹಗ್ಗ ಇಲ್ಲ. ಆ ಕೈಯನ್ನು ಎಲ್ಲಿಡಬೇಕು ಅಂತ ಅವಳಿಗೇ ತಿಳಿಯುತ್ತಿರಲಿಲ್ಲ.

"ಶೈನಿ?"

"ಬ್ರಹ್ಮಾವರದಾಚೆ ಪೊಲೀಸ್ ನಾಯಿಗಳ ಕೆನಲ್ಲಿನಲ್ಲಿ. ಒಂದ್ ತಿಂಗ್ಳ್ ಉಲ್ಲಾಸ್ ಅಂಬವರ ಕೈಯಲ್ಲಿ. ಮತ್ತೆ ನಂಗ್ ಕೊಡ್ತ್ರಾ ಇಲ್ಯಾ, ಆಗ್ಳಿಕೆ ಹೇಳ್ತ್ರಂಬ್ರ್." ಅವಳು ನೆಲ ನೋಡಿದಳು, ಶೈನಿ ಕೂರುತ್ತಿದ್ದ ಜಾಗವನ್ನು. "ಊಟ ಮುಟ್ಟುದಿಲ್ಲಂಬ್ರ್. ನೀರೂ ಕುಡುದಿಲ್ಲ. ನಾನ್ ಹತ್ರ ಹೋಪುಕಾಗ. ನನ್ನ ಕಂಡ್ರೆ ಮತ್ತೆ ಅವರ ಮಾತ್ ಕೇಂಬುದೇ ಇಲ್ಲ."

ನಾನು ಕೊಕ್ಕೆ ಎತ್ತಿಕೊಂಡೆ. ಹೊಸ ಬ್ಲಾಕಿನಿಂದ ಗಟ್ಟಿ ತುಂಡು ಒಡೆದು, ಗೋಣಿ ಸುತ್ತಿ, ಥರ್ಮಾಕೋಲ್ ಪೆಟ್ಟಿಗೆಗೆ ತುಂಬಿಸಿದೆ.

"ಎಂತ ಮಾಡುದ್?"

"ಬೈಕ್ ಹತ್ತಿ. ಕರಗುಕೆ ಮೊದ್ಲ್ ಅಲ್ಲಿಗ್ ಮುಟ್ಕ್."

ತ್ರಾಸಿ ದಾಟಿ ಹೈವೇ ಹಿಡಿದೆವು. ಪೆಟ್ಟಿಗೆ ನಮ್ಮಿಬ್ಬರ ನಡುವೆ ಇತ್ತು. ಅದರ ತಣ್ಣನೆಯ ನೀರು ನನ್ನ ಬೆನ್ನಿಗೆ ಇಳಿಯುತ್ತಿತ್ತು. ಪ್ರತಿ ಹನಿಗೂ ನನಗೆ ಭಯ, ಅಲ್ಲಿಗೆ ಮುಟ್ಟುವಾಗ ಏನು ಉಳಿಯುತ್ತದೋ.

"ಇವತ್ತ್ ಯಾರ್ ಮೇಲ್ ಸಿಟ್ಟ್?" ಗಾಳಿಯಲ್ಲಿ ಅವಳ ದನಿ.

"ನಿಮ್ಮ ಮೇಲೆ. ಎಂತಕೆ ಹೇಳಿದ್ರಿ ಅಷ್ಟ್ ಜನ್ರ ಎದ್ರ್?"

"ನೀವ್ ಹೇಳುದಿಲ್ಲ ಅಂತ ಗೊತ್ತಾಯ್ತ್. ಯಾರಾರೂ ಒಬ್ರ್ ಹೇಳ್ಕಲ್ದಾ."

ತಲ್ಲೂರಿನಲ್ಲಿ ಅವಳು ಬೈಕ್ ನಿಲ್ಲಿಸಲು ಹೇಳಿದಳು. ಅವಳ ಊರು, ಎಲ್ಲರೂ ಗುರುತಿನವರು. ಅವಳು ಇಳಿದು ದುಪಟ್ಟಾ ಮುಖಕ್ಕೆ ಸುತ್ತಿಕೊಳ್ಳುತ್ತಾಳೆ ಅಂದುಕೊಂಡೆ. ಬದಲಿಗೆ ಅವಳು ಪೆಟ್ಟಿಗೆಯನ್ನು ಎತ್ತಿ ತನ್ನ ಹಿಂದಿನ ಕ್ಯಾರಿಯರಿಗೆ ಕಟ್ಟಿದಳು. ಆಮೇಲೆ ನಮ್ಮ ನಡುವೆ ಏನೂ ಇರಲಿಲ್ಲ.

ಕೆನಲ್ಲಿನ ಗೇಟಿನಲ್ಲಿ ಉಲ್ಲಾಸ್ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು.

"ತಿನ್ನಲಿಕ್ಕೆ ಹೊರಗಿನದ್ದು ಕೊಡುವ ಹಾಗಿಲ್ಲ."

"ತಿಂಬುದಲ್ಲ ಸಾರ್," ಅಂದೆ. "ನೀರ್."

ಅವರು ಪೆಟ್ಟಿಗೆ ತೆರೆದರು. ಮುಷ್ಟಿಯಷ್ಟು ಉಳಿದಿತ್ತು. ತಲೆ ಕೆರೆದುಕೊಂಡು ಒಳಗೆ ಒಯ್ದರು.

ನಾವು ಕಾಂಪೌಂಡಿನ ಹೊರಗೆ, ಗೋಡೆಗೆ ಒರಗಿ ನಿಂತೆವು, ಶೈನಿಗೆ ಕಾಣದ ಹಾಗೆ. ಒಳಗಿನಿಂದ ಪಾತ್ರೆಗೆ ಐಸ್ ಬಿದ್ದ ಸದ್ದು ಬಂತು. ಆಮೇಲೆ ಏನೂ ಇಲ್ಲ. ಪೂಜಿತಾ ಗೋಡೆಗೆ ಕಿವಿ ಹಚ್ಚಿದಳು. ಹೈವೇಯಲ್ಲಿ ಒಂದು ಲಾರಿ ಹೋಯಿತು, ಅದರ ಗದ್ದಲಕ್ಕೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಲಾರಿ ದೂರವಾಯಿತು. ಈಗಲೂ ಏನೂ ಇಲ್ಲ.

ಕಟ್.

ಕಟಕಟ, ಕಟಕಟ.

ಅವಳ ಕೈ ಬಂದು ನನ್ನ ಕೈಯನ್ನು ಹಿಡಿಯಿತು, ಹಗ್ಗ ಹಿಡಿಯುವ ಹಾಗೆ, ಒಂದು ಸುತ್ತು ಸುತ್ತಿ, ಬಿಗಿಯಾಗಿ. ತಿರುಗಿ ನೋಡಿದೆ. ಕೆನ್ನೆಯ ಗುಳಿ ತುಂಬಿ ಹರಿಯುತ್ತಿತ್ತು.

"ಎಂತಕೆ ಅಳುದ್? ತಿಂದಿತಲ್ದಾ."

"ಅಳುದಲ್ಲ ಮಾರಾಯ," ಅಂದಳು. ನೀವು ಅನ್ನುವುದನ್ನು ಅವಳ ಬಾಯಿ ಅವತ್ತೇ ಬಿಟ್ಟಿತು. "ನೀರ್."