ಚಿಕ್ಕಮ್ಮನ ರೇಡಿಯೋಗೆ ಹೊಸ ಗುಂಡಿ

“ಕೈ ಇಟ್ರೆ ಬರುತ್ತೆ, ಕೈ ತೆಗೆದ್ರೆ ಹೋಗುತ್ತೆ! ನೋಡಜ್ಜಿ, ಬೇಕಂತಲೇ ಆಟ ಆಡಿಸ್ತಿದೆ!”

ಚೂಟಿ ರೇಡಿಯೋದ ಮುಂದೆ ಮೊಣಕಾಲೂರಿ ಕೂತಿದ್ದಳು. ಗಡಿಯಾರದಲ್ಲಿ ಐದೂ ಇಪ್ಪತ್ತು. ದೂರದ ರೇಡಿಯೋ ಸ್ಟೇಷನ್ನಿನಲ್ಲಿ ಕೆಲಸಕ್ಕೆ ಸೇರಿದ ಚಿಕ್ಕಮ್ಮ ಇವತ್ತು ಐದೂವರೆಗೆ ಮೊದಲ ಸಲ ಹವಾಮಾನ ವರದಿ ಓದುತ್ತಾಳೆ. ಬರೀ ಐದು ನಿಮಿಷ. ತಪ್ಪಿದರೆ ತಪ್ಪಿದಂತೆಯೇ.

“ನಮ್ಮ ರೇಡಿಯೋದಲ್ಲೇ ಕೇಳಿ, ಹೇಗಿತ್ತು ಅಂತ ಬರಿ,” ಎಂದು ಹೋಗುವಾಗ ಹೇಳಿದ್ದಳು.

ನಮ್ಮ ರೇಡಿಯೋ ಅಂದರೆ ಅಂಗಡಿಯದ್ದಲ್ಲ. ಮರದ ಹಲಗೆಯ ಮೇಲೆ ಚಿಕ್ಕಮ್ಮನೇ ಒಂದೊಂದು ತಂತಿ ಬೆಸೆದು ಕಟ್ಟಿದ್ದು. ನೋಡಲು ಮಾತ್ರ ದೇವರಿಗೇ ಪ್ರೀತಿ. ತಂತಿ ಸುತ್ತಿದ ಕಾಯಿಲಿನ ಹಿಂದೆ ಅರ್ಧ ಬೆಂಕಿಕಡ್ಡಿ ಸಿಕ್ಕಿಸಿತ್ತು. ಸ್ಟೇಷನ್ ಹುಡುಕುವ ನಾಬ್ ಇರಬೇಕಾದ ಜಾಗದಲ್ಲಿ ನಿನ್ನೆಯವರೆಗೆ ರಬ್ಬರ್ ಟ್ಯೂಬಿನ ತುಂಡಿಗೆ ಸಿಕ್ಕಿಸಿದ ಪೇಂಟ್ ಬ್ರಷ್ಷಿನ ಗೇಣುದ್ದದ ಕೆಂಪು ಹಿಡಿ ಮುಂದಕ್ಕೆ ಚಾಚಿಕೊಂಡಿತ್ತು.

ಚೂಟಿಗೆ ಅದನ್ನು ನೋಡಿದರೇ ನಗು. ನಿನ್ನೆ ಆ ಬ್ರಷ್ಷಿನ ಕಡ್ಡಿಯನ್ನು ಕಿತ್ತೆಸೆದು, ಹಳೆಯ ಡ್ರಾಯರಿನ ಸ್ಟೀಲ್ ಗುಂಡಿ ಬಿಗಿದಿದ್ದಳು. ಫಳಫಳ! ನಾಳೆ ಬೆಂಕಿಕಡ್ಡಿಗೂ ಒಂದು ಗತಿ ಕಾಣಿಸುವುದೆಂದು ತೀರ್ಮಾನಿಸಿದ್ದಳು.

ಈಗ ಎಡಗಡೆಯ ನಾಬನ್ನು ಮೆಲ್ಲಗೆ ತಿರುಗಿಸಿದಳು. ಅದು ದನಿ ಏರಿಸುವ ನಾಬ್. ಕಡಿಮೆಯಾದರೆ ಪಿಸುಮಾತು, ಜಾಸ್ತಿಯಾದರೆ ಕುಯ್ಯೋ ಎಂದು ಸಿಳ್ಳೆ. ಸಿಳ್ಳೆ ಬರುವುದಕ್ಕೆ ಕೂದಲೆಳೆಯಷ್ಟು ಮುಂಚೆ ನಿಲ್ಲಿಸಬೇಕು. ಆಮೇಲೆ ಸ್ಟೀಲ್ ಗುಂಡಿ. ಸುಂಯ್… ಯಾವುದೋ ಹಾಡು ಬಂತು. ಕೈ ತೆಗೆದಳು. ಹಾಡು ಮಾಯ!

“ಸರಿ, ನಾನು ನೋಡ್ತೀನಿ,” ಎಂದು ಅಜ್ಜಿ ಬಗ್ಗಿದರು. ರೇಡಿಯೋ ಕುಯ್ಯೋ ಎಂದಿತು. ಅಜ್ಜಿ ಬೆಚ್ಚಿ ಹಿಂದೆ ಸರಿದರು. ಸಿಳ್ಳೆ ನಿಂತಿತು.

“ನನ್ನ ಮಗಳು ಕಟ್ಟಿದ್ದು ನನ್ನನ್ನೇ ಗದರಿಸುತ್ತಲ್ಲೇ!” ಅಜ್ಜಿ ನಕ್ಕರೂ ಕಣ್ಣು ಗಡಿಯಾರದ ಮೇಲೇ ಇತ್ತು. ಬೆಳಗಿನಿಂದ ಹತ್ತು ಸಲ “ಐದೂವರೆಗೆ ತಾನೇ?” ಎಂದು ಕೇಳಿದ್ದರು. ಚೂಟಿಗೆ ಅಳುವೇ ಬಂದಂತಾಯಿತು.

“ಅಜ್ಜಿ, ಇನ್ನೊಂದ್ಸಲ ಹತ್ರ ಬಾ.”

ಕುಯ್ಯೋ!

“ಹಿಂದೆ ಹೋಗು.”

ಸದ್ದಿಲ್ಲ.

ಮುಟ್ಟುವುದೇ ಬೇಡ, ಹತ್ತಿರ ಬಂದರೆ ಸಾಕು, ರೇಡಿಯೋಗೆ ಗೊತ್ತಾಗುತ್ತಿದೆ! ಚಿಕ್ಕಮ್ಮ ಕೂರುತ್ತಿದ್ದ ರೀತಿ ಚೂಟಿಗೆ ನೆನಪಾಯಿತು. ಯಾವಾಗಲೂ ದೂರದಲ್ಲಿ ಕೂತು, ಉದ್ದ ಕಡ್ಡಿಯ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ತಿರುಗಿಸುತ್ತಿದ್ದಳು.

“ಅಜ್ಜಿ! ನಾನು ನಿನ್ನೆ ಬಿಸಾಕಿದ ಕಡ್ಡಿ ಎಲ್ಲಿ?”

“ಕೆಂಪು ಬಣ್ಣದ್ದಾ? ಒಳ್ಳೇ ಕಡ್ಡಿ, ಯಾಕೆ ಬಿಸಾಕ್ಬೇಕು ಅಂತ…” ಅಜ್ಜಿಯ ಕೈ ತುರುಬಿಗೆ ಹೋಯಿತು.

ಚೂಟಿ ಸರಕ್ಕನೆ ಕಡ್ಡಿ ಎಳೆದಳು. ಅಜ್ಜಿಯ ಕೂದಲು ಬೆನ್ನ ಮೇಲೆ ಹರಡಿತು. ಸ್ಟೀಲ್ ಗುಂಡಿ ಬಿಚ್ಚಿ, ಮೊದಲಿದ್ದ ರಬ್ಬರ್ ಟ್ಯೂಬಿನ ತುಂಡನ್ನು ಮತ್ತೆ ಸಿಕ್ಕಿಸಿ, ಅದರೊಳಗೆ ಕಡ್ಡಿ ತುರುಕಿದಳು. ದೂರ ಕೂತು, ಉಸಿರು ಬಿಗಿಹಿಡಿದು ತಿರುಗಿಸಿದಳು. ಅಷ್ಟರಲ್ಲಿ ಐದೂವರೆ ದಾಟಿ ಎರಡು ನಿಮಿಷವಾಗಿತ್ತು.

“…ಕರಾವಳಿಯಲ್ಲಿ ಗಾಳಿ ಜೋರಾಗಿರಲಿದೆ. ಒಳನಾಡಿನಲ್ಲಿ ನಾಳೆ ಒಳ್ಳೆಯ ಬಿಸಿಲು…”

ಚಿಕ್ಕಮ್ಮ! ಚೂಟಿ ಕಡ್ಡಿಯಿಂದ ಕೈ ಬಿಟ್ಟಳು. ದನಿ ಹೋಗಲಿಲ್ಲ.

“ಶೀತ ಆಗಿದೆ ಅವಳಿಗೆ,” ಎಂದರು ಅಜ್ಜಿ. ಅವರ ಕಣ್ಣು ತುಂಬಿತ್ತು. ಕೂದಲು ಕಟ್ಟಿಕೊಳ್ಳುವುದನ್ನೂ ಮರೆತು, ಗೋಡೆಗೊರಗಿ ಕೇಳುತ್ತ ಕೂತರು.

ವರದಿ ಮುಗಿದ ಮೇಲೆ ಚೂಟಿ ಕಡ್ಡಿಯ ತುದಿಯನ್ನು ನೋಡಿದಳು. ಚಿಕ್ಕಮ್ಮನ ಬೆರಳು ತಾಗಿ ತಾಗಿ ಅಲ್ಲಿ ಕೆಂಪು ಬಣ್ಣ ಮಾಸಿತ್ತು. ಆಮೇಲೆ ಕಾಯಿಲಿನ ಹಿಂದಿನ ಬೆಂಕಿಕಡ್ಡಿಯತ್ತ ಕಣ್ಣು ಹೋಯಿತು. ಅದನ್ನು ಮುಟ್ಟಲಿಲ್ಲ. ಸ್ಕ್ರೂಡ್ರೈವರನ್ನು ಡಬ್ಬಿಗೆ ಹಾಕಿ, ಪೆನ್ನು ತೆಗೆದುಕೊಂಡು ಬರೆಯಲು ಕೂತಳು.

“ಚಿಕ್ಕಮ್ಮ, ಚೆನ್ನಾಗಿ ಕೇಳಿಸ್ತು. ಶೀತಕ್ಕೆ ಔಷಧಿ ತಗೋಬೇಕಂತೆ, ಅಜ್ಜಿ ಹೇಳಿದ್ರು. ಕಾಯಿಲ್ ಹಿಂದೆ ಆ ಬೆಂಕಿಕಡ್ಡಿ ಯಾಕೆ ಇಟ್ಟಿದ್ದೀಯ?”