ಹಳೇ ಡಾಕ್ಟರ್ ಪತ್ರಿಕೆಗಳ ಕಳವು

ನವೆಂಬರ್ 21, ಮಂಗಳವಾರ ಬೆಳಿಗ್ಗೆ 10.40ಕ್ಕೆ ಕುಮಟಾ ಪೊಲೀಸ್ ಠಾಣೆಗೆ ಬಂದ ದೂರನ್ನು ಓದಿ ಹೆಡ್ ಕಾನ್‌ಸ್ಟೆಬಲ್ ನಾಗಪತಿ ಎರಡು ಸಲ ಕನ್ನಡಕ ಒರೆಸಿಕೊಂಡ. ಅವನ ಸರ್ವಿಸಿನಲ್ಲಿ ಕೋಳಿ ಕಳುವಾದದ್ದುಂಟು, ದೋಣಿ ಕಳುವಾದದ್ದುಂಟು, ಒಮ್ಮೆ ಮದುಮಗನ ಬಾಸಿಂಗವೇ ಕಳುವಾದದ್ದೂ ಉಂಟು. ಸಾಮಾನು ಇದ್ದಲ್ಲೇ ಇದ್ದು ಕಳುವಾದ ಕೇಸು ಮಾತ್ರ ಇದೇ ಮೊದಲು.

ನಾಗಪತಿಯ ಕತೆಯಲ್ಲಿ ಬಂಗಡೆ ಮೀನಿಗೂ ಮೀಸೆ ಬರುತ್ತದೆ ಎಂದು ಠಾಣೆಯಲ್ಲಿ ಮಾತಿತ್ತು. ಶರಾವತಿ ಸೇತುವೆಯ ಮೇಲೆ ಅವನು ಬೀಸಿದ ಲಾಠಿಯ ಬರೀ ಗಾಳಿಗೇ ಒಬ್ಬ ಕಳ್ಳ ಹೊಳೆಗೆ ಬಿದ್ದಿದ್ದನಂತೆ. ಬಿದ್ದವನು ಈಜಿ ಬಂದು ತಾನೇ ಕೈಕೋಳ ಹಾಕಿಸಿಕೊಂಡನಂತೆ. ಆದರೆ ಈ ದೂರು ಅವನ ಕತೆಗಳನ್ನೂ ಮೀರಿಸಿತ್ತು.

ದೂರು ತಂದವಳು ಕಲ್ಪನಾ, ಊರಿನ ಒಂದು ನರ್ಸಿಂಗ್ ಕಾಲೇಜಿನ ಗ್ರಂಥಪಾಲಕಿ. ಕೈಯಲ್ಲಿ ಕಾಗದದ ಕಟ್ಟು, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು. ನಾಗಪತಿ ಕುರ್ಚಿ ಎಳೆದುಕೊಟ್ಟ.

"ಪತ್ರಿಕೆ ಇದ್ದಲ್ಲೇ ಉಂಟು ಅಂತ್ರಿ. ಹಂಗಾರೆ ಹೋದದ್ದು ಎಂತದು?"

"ಬಾಗ್ಲು ಹೋಯ್ತು ಸರ್," ಎಂದಳು ಕಲ್ಪನಾ.

ಅವಳು ಬಿಡಿಸಿ ಹೇಳಿದಳು. ಲೋಕದ ಡಾಕ್ಟರುಗಳು ಎಷ್ಟೋ ವರ್ಷಗಳಿಂದ ಬರೆದ ಪತ್ರಿಕೆಗಳೆಲ್ಲ ಕಂಪ್ಯೂಟರಿನಲ್ಲಿ ಒಂದೇ ಕಡೆ ಇವೆ. ವಿಶ್ವವಿದ್ಯಾಲಯದ ಗ್ರಂಥಾಲಯ ಅದಕ್ಕೆ ಚಂದಾ ಕಟ್ಟಿದೆ. ಕಾಲೇಜಿನವರು ತಮ್ಮ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಬೇಕಾದ ಪದ ಬರೆದು ಹುಡುಕಿ, ಒಂದೊಂದೇ ಲೇಖನ ತೆಗೆದು ಓದಬಹುದು. ಈಗ ಯಾರೋ ಉಪನ್ಯಾಸಕಿ ವಿನುತಾಳ ಹೆಸರಿನಲ್ಲಿ ಹೊಕ್ಕು, ಚೌತಿ ಕಳೆದಾಗಿನಿಂದ ಸಾವಿರಗಟ್ಟಲೆ ಲೇಖನ ಇಳಿಸಿಕೊಂಡಿದ್ದಾರೆ. ಪತ್ರಿಕೆಗಳ ಕಂಪನಿ ಸಿಟ್ಟಾಗಿ ಇಡೀ ಕಾಲೇಜಿಗೇ ಬಾಗಿಲು ಹಾಕಿದೆ. ಎಂ.ಎಸ್ಸಿ. ವಿದ್ಯಾರ್ಥಿಗಳ ಪ್ರಬಂಧ ಅರ್ಧಕ್ಕೆ ನಿಂತಿದೆ. ಗ್ರಂಥಪಾಲಕಿಯೇ ಕದ್ದು ಮಾರಿದಳೆಂದು ಮೇಲಿನವರಿಗೆ ಗುಮಾನಿ.

"ಶನಿವಾರದೊಳಗೆ ಯಾರು ಅಂತ ಗೊತ್ತಾಗ್ದಿದ್ರೆ ನನ್ನ ಕೆಲ್ಸ ಹೋಯ್ತು," ಎಂದಳು. ಅಳಲಿಲ್ಲ. ಕಾಗದದ ಕಟ್ಟನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿಟ್ಟಳು.

ಇನ್ಸ್‌ಪೆಕ್ಟರ್ ಅಮಿತಾ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಿದರು. ಮಿತಮಾತಿನ ಹೆಂಗಸು. ಕಲ್ಪನಾ ತಂದ ಕಾಗದಗಳನ್ನು ಮಧ್ಯಾಹ್ನದವರೆಗೆ ತಿರುವಿ ಹಾಕಿ ನಾಗಪತಿಯನ್ನು ಕರೆದರು.

"ಹುಡುಕೋ ಜಾಗದಲ್ಲಿ ಒಂದೇ ಒಂದು ಪದ ಬರೆದಿಲ್ಲ ನೋಡಿ."

ನಿಜವಾಗಿತ್ತು. ಕಳ್ಳ ಇಸವಿಯನ್ನು ಮಾತ್ರ ಒತ್ತಿದ್ದ. ಎಪ್ಪತ್ತೆರಡು ಎಂದರೆ ಎಪ್ಪತ್ತೆರಡರ ಎಲ್ಲ ಸಂಚಿಕೆ, ಆಮೇಲೆ ಎಪ್ಪತ್ತಮೂರು. ಜಪಾನಿನವರ ಹಲ್ಲು, ಬ್ರೆಜಿಲಿನವರ ಕಣ್ಣು, ಯಾವುದೋ ದೇಶದ ಕುದುರೆಯ ಹೊಟ್ಟೆನೋವು, ಒಂದನ್ನೂ ಬಿಟ್ಟಿರಲಿಲ್ಲ. ಅದೂ ದಿನಾ ಮಧ್ಯಾಹ್ನ ಮೇಲೆ.

"ಇದು ಗಾಳ ಹಾಕಿದ್ದಲ್ಲ ಮೇಡಂ," ಎಂದ ನಾಗಪತಿ. "ರಂಪಣಿ ಬಲೆ ಎಳೆದದ್ದು."

ಹಾಗೆಂದವನಿಗೆ ಮಾವಳ್ಳಿಯ ಕಡಲದಂಡೆ ಕಣ್ಣಮುಂದೆ ಬಂತು. ಅವನು ಅಲ್ಲಿಯೇ ಹುಟ್ಟಿದವನು. ರಂಪಣಿ ಎಳೆಯುವ ದಿನ ಊರೇ ಹಗ್ಗಕ್ಕೆ ಕೈಹಚ್ಚುತ್ತಿತ್ತು. ಶಾಲೆಯ ಮಾಸ್ತರರೂ ಪಂಚೆ ಎತ್ತಿ ಕಟ್ಟುತ್ತಿದ್ದರು. ತಾರ್ಲೆ ಮೀನು ಬಂದರೆ ದಂಡೆಯೆಲ್ಲ ಬೆಳ್ಳಿ. ಮೊದಲು ಎಲ್ಲವನ್ನೂ ಎಳೆದುಹಾಕುವುದು, ಆರಿಸುವುದು ಆಮೇಲೆ. ಕೈಹಚ್ಚಿದವರಿಗೆಲ್ಲ ಪಾಲು. ಆ ಮೀನಿನ ರುಚಿ ಈಗಿನ ಮೀನಿಗೆ ಇಲ್ಲ ಎಂದು ಅವನು ಇನ್ಸ್‌ಪೆಕ್ಟರಿಗೆ ಹೇಳಹೊರಟ. ಅವರು ಜೀಪಿನ ಕೀಲಿ ಎತ್ತಿಕೊಂಡಿದ್ದರು.

ವಿನುತಾಳ ಮನೆ ಹೊನ್ನಾವರದಲ್ಲಿ. ದಿನಾ ಬಸ್ಸಿನಲ್ಲಿ ಕುಮಟಾಕ್ಕೆ ಹೋಗಿ ಪಾಠ ಹೇಳಿ ಬರುವವಳು. ಪೊಲೀಸರನ್ನು ಕಂಡು ಕೈಯಲ್ಲಿದ್ದ ಚಾದ ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಳು.

"ಪಾಸ್‌ವರ್ಡ್ ಯಾರಿಗಾದ್ರೂ ಹೇಳಿದ್ರಾ?" ಅಮಿತಾ ಕೇಳಿದರು.

"ಇಲ್ಲ. ನಮ್ಮನೆಯವ್ರಿಗೂ ಹೇಳ್ಲಿಲ್ಲ."

"ಲ್ಯಾಪ್‌ಟಾಪ್ ಕಳೆದಿತ್ತಾ?"

"ಇಲ್ಲ. ಇಲ್ಲೇ ಉಂಟಲ."

ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪ್ ಇತ್ತು. ಅದನ್ನು ತಪಾಸಣೆ ಮಾಡಿದರೆ ಅದರಿಂದ ಒಂದೇ ಒಂದು ಹಳೇ ಪತ್ರಿಕೆಯೂ ಇಳಿದಿರಲಿಲ್ಲ. ವಿನುತಾ ಸುಳ್ಳು ಹೇಳುವವಳಂತೆ ನಾಗಪತಿಗೆ ಕಾಣಲಿಲ್ಲ. ಸುಳ್ಳಿನ ವಿಷಯದಲ್ಲಿ ಅವನ ಮೂಗು ಚುರುಕು, ಸ್ವಂತ ಅನುಭವ.

ಗುರುವಾರ ಬೆಳಿಗ್ಗೆ ಇಂಟರ್‌ನೆಟ್ ಕಂಪನಿಯಿಂದ ಉತ್ತರ ಬಂತು. ಪತ್ರಿಕೆ ಇಳಿಸಿದ್ದು ಒಂದು ಮೊಬೈಲ್ ಸಿಮ್ಮಿನ ಮೂಲಕ. ಸಿಮ್ಮಿನ ಮಾಲೀಕ ತಿಮ್ಮ, ಊರು ಮಾವಳ್ಳಿ. ನಾಗಪತಿ ವಿನುತಾಳಿಗೆ ಫೋನ್ ಹಚ್ಚಿ, ಮಾವಳ್ಳಿಯಲ್ಲಿ ನಿಮಗೆ ಯಾರಾದರೂ ಗುರ್ತದವರಿದ್ದಾರೆಯೇ ಎಂದು ಕೇಳಿದ. ಯಾರೂ ಇಲ್ಲ ಎಂದಳು.

ತಿಮ್ಮ ಅಂಗಳದ ಹಲಸಿನ ಮರದಡಿ ಕೂತು ಬಲೆ ಹೆಣೆಯುತ್ತಿದ್ದ. ಜೀಪು ನಿಂತದ್ದೇ ತಡ, ಎದ್ದು ಕೈಮುಗಿದ. ಏನೂ ಕೇಳುವ ಮೊದಲೇ, ನೆರೆಮನೆಯ ಬೇಲಿಯನ್ನು ಕಳೆದ ಮಳೆಗಾಲದಲ್ಲಿ ಎರಡು ಗೇಣು ಆಚೆ ಸರಿಸಿದ್ದು ತಾನೇ ಎಂದು ಒಪ್ಪಿಕೊಂಡುಬಿಟ್ಟ. ನಾಳೆಯೇ ಈಚೆ ಹಾಕುವುದಾಗಿಯೂ ಹೇಳಿದ.

"ಬೇಲಿ ಹಾಳಾಗ್ಲಿ ಮಾರಾಯ," ಎಂದ ನಾಗಪತಿ. "ಕಂಪ್ಯೂಟರ್ ಉಂಟನ ಮನೆಲಿ?"

"ಉಂಟು. ಅದು ಹನುಮಕ್ಕಂದು. ಟೀಚರಮ್ಮ ಕೊಟ್ಟದ್ದು."

ಹನುಮಕ್ಕ ಅವನ ಹೆಂಡತಿ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ಹೊನ್ನಾವರದಲ್ಲಿ ವಿನುತಾಳ ಮನೆಗೆ ಹದಿನೈದು ವರ್ಷದಿಂದ ಮೀನು ಕೊಡುತ್ತ ಬಂದವಳು ಅವಳೇ. ಆಗ ನಾಗಪತಿಗೆ ಬೆಳಕಾಯಿತು. ಈ ಕಡೆ ಖಾಯಂ ಮೀನು ತರುವವಳಿಗೆ ಹಬ್ಬ ಬಂದಾಗ ಹಳೇ ಸೀರೆ, ಹಳೇ ಕೊಡೆ, ಮನೆಯಲ್ಲಿ ಹೆಚ್ಚಾದದ್ದು ಎಲ್ಲ ಹೋಗುತ್ತದೆ. ಅದನ್ನು ಕೊಟ್ಟೆ ಎಂದು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಮೀನಿನವಳು ಗುರ್ತದವಳು ಎಂದೂ ಯಾರಿಗೂ ಹೊಳೆಯುವುದಿಲ್ಲ. ಚೌತಿಗೆ ಹೊಸ ಲ್ಯಾಪ್‌ಟಾಪ್ ಕೊಂಡ ವಿನುತಾ ಹಳೆಯದನ್ನು, ಅದರೊಳಗಿನ ಪಾಸ್‌ವರ್ಡ್ ಸಮೇತ, ಸೀರೆಯ ಜೊತೆ ಸುತ್ತಿ ಕೊಟ್ಟಿದ್ದಳು.

ಇಬ್ಬರು ಪಂಚರನ್ನು ಕರೆಸಿ ಪಂಚನಾಮೆ ಮಾಡಿದರು. ಮನೆ ಹೊಸದು, ಸುಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಎದುರಿನ ಗೋಡೆಯಲ್ಲಿ ತಿಮ್ಮನ ಅಪ್ಪ, ಅವ್ವಿ, ಹನುಮಕ್ಕನ ಅಪ್ಪ, ಸಾಲಾಗಿ ಮಾಲೆ ಹಾಕಿಸಿಕೊಂಡು ಕೂತಿದ್ದರು. ನಾಲ್ಕನೆಯ ಮೊಳೆ ಖಾಲಿ ಇತ್ತು. ಲ್ಯಾಪ್‌ಟಾಪನ್ನು ತೆರೆದು ನೋಡಿದರೆ ಅದೂ ಖಾಲಿ. ಸಾವಿರಾರು ಲೇಖನ ಇಳಿಸಿದ ಯಂತ್ರದಲ್ಲಿ ಒಂದೂ ಉಳಿದಿರಲಿಲ್ಲ.

ಹನುಮಕ್ಕ ಅಂದು ಮೀನು ಹೊತ್ತು ಭಟ್ಕಳ ಪೇಟೆಗೆ ಹೋಗಿದ್ದಳು. ಮಧ್ಯಾಹ್ನ 12.30ಕ್ಕೆ ಜೀಪು ಅಲ್ಲಿಗೆ ಮುಟ್ಟಿದಾಗ ಬುಟ್ಟಿಯಲ್ಲಿ ಒಂದು ಪಾಲು ಶೆಟ್ಲಿ, ಎಂದರೆ ಸಿಗಡಿ, ಉಳಿದಿತ್ತು. ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ನಾಗಪತಿಯನ್ನು ಕಂಡು, ಸಮವಸ್ತ್ರದಲ್ಲಿ ಹೊಟ್ಟೆ ಚೆನ್ನಾಗಿ ಕಾಣುತ್ತದೆಂದು ಚೇಷ್ಟೆ ಮಾಡಿದಳು. ಇಬ್ಬರೂ ಒಂದೇ ದಂಡೆಯಲ್ಲಿ ಆಡಿದವರು. ಹಿಂದೆ ಅಮಿತಾ ಇಳಿದದ್ದು ಕಂಡು ಸೆರಗು ಸರಿಮಾಡಿಕೊಂಡಳು.

"ಟೀಚರ್ ಹೆಸರಲ್ಲಿ ಪತ್ರಿಕೆ ಇಳಿಸಿದ್ದು ನೀವಾ?" ಅಮಿತಾ ಕೇಳಿದರು.

"ಹೌದು."

"ಯಾರಿಗೆ ಮಾರಿದ್ರಿ?"

"ಮಾರೂಕೆ ಅದೇನು ಬಂಗಡೆಯ? ನೋಡಿದೆ, ಅಳಿಸಿ ಬಿಟ್ಟೆ. ಬೇಡದ ಮೀನು ನೀರಿಗೆ ಬಿಡೂದಿಲ್ಲನ, ಹಂಗೆ."

"ಏನು ಹುಡುಕ್ತಾ ಇದ್ರಿ?"

ಹನುಮಕ್ಕ ಬುಟ್ಟಿಯ ಮೇಲೆ ಬಾಳೆಲೆ ಮುಚ್ಚಿದಳು. "ನಮ್ಮವ್ವಿ ಪಟ," ಎಂದಳು.

ಠಾಣೆಗೆ ಬರುವ ದಾರಿಯುದ್ದಕ್ಕೂ ಅವಳೇ ಹೇಳಿದಳು, ನಾಗಪತಿ ನಡುನಡುವೆ ನೆನಪು ಸೇರಿಸಿದ. ಎಪ್ಪತ್ತೆರಡರ ಸುಮಾರಿಗೆ ಮಾವಳ್ಳಿಗೆ ಡಾಕ್ಟರುಗಳ ಜೀಪು ಬಂದಿತ್ತು. ಊರು ಕಂಡ ಮೊದಲ ಜೀಪು ಅದು. ಅದರ ಚಕ್ರದ ಗುರುತಿನ ಮೇಲೆ ಹುಡುಗರು ಎರಡು ದಿನ ಓಡಿದ್ದರು. ಆನೆಕಾಲು ರೋಗದವರನ್ನು ಸಾಲಾಗಿ ನಿಲ್ಲಿಸಿ ಬೆರಳು ಚುಚ್ಚಿ ರಕ್ತ ತೆಗೆದರು, ಪಟ ತೆಗೆದರು. ಊರವರಿಗೆ ಬೆಲ್ಲದ ಮಿಠಾಯಿ ಹಂಚಿದರು. ನಾಗಪತಿಗೆ ಮಿಠಾಯಿಯ ನೆನಪು. ಹನುಮಕ್ಕನಿಗೆ ಅವ್ವಿಯನ್ನು ಪೆಟ್ಟಿಗೆಯಂಥ ಕೆಮರಾದ ಎದುರು ನಿಲ್ಲಿಸಿದ ನೆನಪು. ಮರುವರ್ಷವೇ ಅವ್ವಿ ತೀರಿಹೋದಳು. ಅವಳ ಇನ್ನೊಂದು ಪಟ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ.

ಹೋದ ಬೇಸಿಗೆಯಲ್ಲಿ ವಿನುತಾ ಪಾಠಕ್ಕೆಂದು ಲ್ಯಾಪ್‌ಟಾಪಿನಲ್ಲಿ ಆನೆಕಾಲಿನ ಹಳೇ ಪಟ ತೆರೆದು ಕೂತಿದ್ದಳು. ಮೀನು ಕೊಡಲು ಬಂದ ಹನುಮಕ್ಕ ಅದನ್ನು ಕಂಡು ಬಾಗಿಲಲ್ಲೇ ನಿಂತಳು. ಡಾಕ್ಟರುಗಳು ತೆಗೆದ ಪಟ ಎಲ್ಲ ಇದರಲ್ಲಿ ಬರುತ್ತದೆ ಎಂದು ವಿನುತಾ ಮಾತಿಗೆ ಹೇಳಿದಳು. ಅವಳು ಎಲ್ಲೆಲ್ಲಿ ಒತ್ತುತ್ತಾಳೆಂದು ಹನುಮಕ್ಕ ಕಣ್ಣಲ್ಲೇ ಕಲಿತುಕೊಂಡಳು. ಹನುಮಕ್ಕ ಓದಿದ್ದು ಎರಡನೇ ಇಯತ್ತೆ. ಇಂಗ್ಲಿಷ್ ಅಕ್ಷರ ಬಾರದು, ಅಂಕಿ ಬರುತ್ತದೆ. ಹಾಗಾಗಿ ಇಸವಿ ಹಿಡಿದು ಹೊರಟಳು.

"ಮುಖ ನೆನಪಿಲ್ಲ," ಎಂದಳು. "ಕೆಂಪಿತ್ತ, ಕಪ್ಪಿತ್ತ, ನೆನಪಿಲ್ಲ. ಕಾಲು ಒಂದೇ ನೆನಪು. ಊರೆಲ್ಲ ಆ ಕಾಲಿನ ಮಾತೇ ಆಡ್ತಿತ್ತಲ."

ಅಂದು ಸಂಜೆ 4.15ಕ್ಕೆ ಹನುಮಕ್ಕನ ಬಂಧನ ದಾಖಲಾಯಿತು. ಠಾಣೆಯಲ್ಲೇ ಜಾಮೀನು ಸಿಗುವ ಅಪರಾಧ. ಆದರೆ ಲ್ಯಾಪ್‌ಟಾಪಿಗೆ ಸೀಲು ಬಿತ್ತು. ಅವಳು ಎಪ್ಪತ್ತೈದನೇ ಇಸವಿಯವರೆಗೆ ಮಾತ್ರ ನೋಡಿದ್ದಳು.

ಶುಕ್ರವಾರ ಹನ್ನೊಂದು ಗಂಟೆಗೆ ಕಾಲೇಜಿನ ಗ್ರಂಥಾಲಯದಲ್ಲಿ ಇನ್ನೊಂದು ಪಂಚನಾಮೆ. ವಿಶ್ವವಿದ್ಯಾಲಯ ತನಿಖೆಗೆಂದು ಒಂದು ತಾಸು ಬಾಗಿಲು ತೆರೆದಿತ್ತು. ಒಳಗೆ ಹೋಗುವುದು ಹೇಗೆ, ಇಳಿಸುವುದು ಹೇಗೆ ಎಂಬುದನ್ನು ಹನುಮಕ್ಕ ಪಂಚರೆದುರು ಮಾಡಿ ತೋರಿಸಿದಳು. ಕಲ್ಪನಾ ಅವಳ ಮುಖವನ್ನೇ ನೋಡಲಿಲ್ಲ. ತನ್ನ ಮೂರು ರಾತ್ರಿಯ ನಿದ್ದೆ ಕೆಡಿಸಿದವಳು, ಇನ್ನೊಂದು ದಿನ ಸಿಗದಿದ್ದರೆ ಅನ್ನವನ್ನೂ ಕಸಿಯುತ್ತಿದ್ದವಳು.

"ಸರಿಯಾದ ಕ್ರಮದಲ್ಲಿ ಹುಡುಕೋದು ಹೇಗೆ, ಅದೂ ದಾಖಲಾಗಲಿ," ಎಂದರು ಅಮಿತಾ. "ನೀವು ತೋರಿಸಿ."

ಕಲ್ಪನಾ ಕೀಲಿಮಣೆಯ ಮುಂದೆ ಕೂತಳು. ಎಂತ ಹುಡುಕಲಿ ಎಂದು ಯಾರನ್ನೂ ಕೇಳಲಿಲ್ಲ; ಅವ್ವಿಯ ಪಟದ ಕತೆ ಅವಳ ಕಿವಿಗೂ ಬಿದ್ದಿತ್ತು. ಇಂಗ್ಲಿಷಿನಲ್ಲಿ ಆನೆಕಾಲು ರೋಗದ ಹೆಸರು ಬರೆದಳು. ಉತ್ತರ ಕನ್ನಡ ಎಂದು ಬರೆದಳು, ಏನೂ ಬರಲಿಲ್ಲ. ಸ್ವಲ್ಪ ತಡೆದು, ಅದನ್ನು ಅಳಿಸಿ, ಜಿಲ್ಲೆಯ ಹಳೇ ಹೆಸರು ನಾರ್ತ್ ಕೆನರಾ ಎಂದು ಬರೆದಳು. ಒಂದೇ ಒಂದು ಲೇಖನ ಬಂತು. ಪಟ ತೆಗೆದು ಆರು ವರ್ಷದ ಮೇಲೆ, ಎಪ್ಪತ್ತೆಂಟರಲ್ಲಿ, ಪರದೇಶದ ಪತ್ರಿಕೆಯಲ್ಲಿ ಅಚ್ಚಾದದ್ದು. ಅವಳು ಕೊನೆಯ ಪುಟಕ್ಕೆ ಇಳಿದಳು.

ಹೆಂಗಸೊಬ್ಬಳು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ನಿಂತಿದ್ದಳು. ಹಿಂದೆ ಮರಳು, ಒಂದು ದೋಣಿಯ ತುದಿ. ಕಣ್ಣಿನ ಮೇಲೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ. ಪಟ್ಟಿಯ ಕೆಳಗಿನ ಮೂಗು, ತುಟಿ, ಗಲ್ಲ, ಎಲ್ಲವೂ ಪಕ್ಕದಲ್ಲಿ ಕೂತವಳದೇ. ಪಂಚರಿಬ್ಬರೂ ಒಮ್ಮೆ ಪಟ ನೋಡಿದರು, ಒಮ್ಮೆ ಹನುಮಕ್ಕನನ್ನು ನೋಡಿದರು.

"ಕಣ್ಣಿಗೆ ಎಂತಕ್ಕೆ ಹೀಂಗೆ ಕಪ್ಪು ಬಳ್ದಾರೆ?" ಹನುಮಕ್ಕ ಮೆಲ್ಲಗೆ ಕೇಳಿದಳು.

ಕಲ್ಪನಾ ಈಗ ಅವಳ ಕಡೆ ತಿರುಗಿದಳು. "ಯಾರು ಅಂತ ಗುರ್ತ ಸಿಗಬಾರ್ದು ಅಂತ."

"ಸಿಕ್ತಲೇ," ಎಂದಳು ಹನುಮಕ್ಕ.

ಪಟದ ಕೆಳಗೆ ಇದ್ದದ್ದನ್ನು ಕಲ್ಪನಾ ಕನ್ನಡ ಮಾಡಿ ಹೇಳಿದಳು: ಹದಿನಾಲ್ಕನೆಯ ರೋಗಿ, ಹೆಂಗಸು, ವಯಸ್ಸು ಮೂವತ್ತೆರಡು. ಹನುಮಕ್ಕ ಅದನ್ನು ಎರಡು ಸಲ ಹೇಳಿಸಿಕೊಂಡಳು. ತನಗಿಂತ ಇಷ್ಟು ಸಣ್ಣವಳಾಗಿದ್ದಳೇ ಎಂದಳು. ಅಭ್ಯಾಸಕ್ಕೆ ಒಂದು ಪ್ರತಿ ತೆಗೆದುಕೊಳ್ಳಲು ಗ್ರಂಥಾಲಯದಲ್ಲಿ ನಿಯಮವಿದೆ ಎಂದು ಕಲ್ಪನಾ ಇನ್ಸ್‌ಪೆಕ್ಟರಿಗೆ ಹೇಳಿ, ಉತ್ತರಕ್ಕೆ ಕಾಯದೆ ಪ್ರಿಂಟ್ ಒತ್ತಿದಳು.

ನಾಗಪತಿ ಪಂಚನಾಮೆ ಬರೆಯುತ್ತಿದ್ದ. "ಆರೋಪಿಯು ಚಿತ್ರದಲ್ಲಿರುವ ಹದಿನಾಲ್ಕನೆಯ ರೋಗಿಯನ್ನು ತನ್ನ ತಾಯಿ ಎಂದು ಗುರುತಿಸಿದಳು" ಎಂದು ಬರೆದು ಮುಂದಿನ ಸಾಲಿಗೆ ಹೋಗುವವನಿದ್ದ. ಹನುಮಕ್ಕ ಬಗ್ಗಿ ಅವನ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು.

"ಹೆಸ್ರು ಬರಿ ಮಾರಾಯ," ಎಂದಳು. "ಸೀತೆ."

ನಾಗಪತಿ 'ಹದಿನಾಲ್ಕನೆಯ ರೋಗಿ' ಎಂಬುದರ ಮೇಲೆ ಗೀಟು ಎಳೆದು, ಬದಿಯಲ್ಲಿ ಸೀತೆ ಎಂದು ಬರೆದ. ತಿದ್ದುಪಡಿಗೆ ಪಂಚರಿಬ್ಬರೂ ಸಹಿ ಹಾಕಿದರು.